ಗಲ್ಲಿ ಚೆನ್ನಾಗಾಗುತ್ತಂತೆ, ಫ್ಲ್ಯಾಟ್ ತಗೊಳ್ಳಬಹುದಾ ಸಾರ್?

ಪ್ರಶ್ನೆ: "ನಾನು ತಿಪಟೂರಿನ ಕಡೆಯ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು. ಮಗಳಿಗೆ ಮೆಜೆಸ್ಟಿಕ್ ಹತ್ರಾನೇ ಕೆಲಸ, ಓಡಾಟ ತಪ್ಪಲಿ ಅಂತ ಕಾಟನ್‌ಪೇಟೆ ಮೇನ್ ರೋಡಿಂದ ಒಳಗೆ ಒಂದು ಗಲ್ಲಿಯಲ್ಲಿ ಕಟ್ಟುತ್ತಿರೋ ಅಪಾರ್ಟ್‌ಮೆಂಟಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್ ನೋಡಿದ್ವಿ. 4,800 ಚದರಡಿ ಸೈಟು, ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು ಫ್ಲೋರು, ಒಟ್ಟು 12 ಮನೆ. ರೇಟು 80 ಲಕ್ಷ, 2 ಲಕ್ಷ ಟೋಕನ್ ಕೊಟ್ಟಾಗಿದೆ. ಗಲ್ಲಿ ಮಾತ್ರ ನೋಡೋ ಹಾಗಿಲ್ಲ, ಚರಂಡಿ ಕಲ್ಲು ಕಿತ್ತುಹೋಗಿದೆ, ಮಳೆ ಬಂದ್ರೆ ನೀರು ನಿಲ್ಲುತ್ತೆ. ಬಿಲ್ಡರ್ ಹೇಳೋದು, ಮೇನ್ ರೋಡು ಆಗ್ಲೇ ಹೊಸದಾಯ್ತು, ಗಲ್ಲಿಗಳೂ ಆಗುತ್ತೆ, ಇನ್ನು ಮೂರು ವರ್ಷಕ್ಕೆ ಇದು ಇನ್ನೊಂದು ಚರ್ಚ್ ಸ್ಟ್ರೀಟ್, ಈಗ ಬಿಟ್ರೆ ಈ ರೇಟಿಗೆ ಸಿಗಲ್ಲ ಅಂತ. ಆದ್ರೆ ಪಾರ್ಕಿಂಗಲ್ಲಿ ಎರಡು ಪಿಲ್ಲರ್ ಬುಡದಲ್ಲಿ ಜಲ್ಲಿ ಎದ್ದು ಕಾಣುತ್ತೆ, ಅದರಲ್ಲಿ ಒಂದಕ್ಕೆ ಸಿಮೆಂಟ್ ಮೆತ್ತಿದ್ದಾರೆ. ಎರಡನೇ ಫ್ಲೋರಲ್ಲಿ ಗೋಡೆ ಬೀಮಿಗೆ ಸೇರೋ ಕಡೆ ಉದ್ದಕ್ಕೆ ಬಿರುಕು. ಮೆಟ್ಟಿಲ ಪಕ್ಕದ ಗೋಡೆ ಬಿಳೀ ಉಪ್ಪು ಬಿಟ್ಟಿದೆ. ಮೇಸ್ತ್ರಿ ಕೇಳಿದ್ರೆ 'ಎಲ್ಲಾ ಕಡೆ ಹಂಗೇ ಸಾರ್' ಅಂತಾನೆ. ಬ್ಯಾಂಕಿನವರು ಲೋನ್ ಸ್ಯಾಂಕ್ಷನ್ ಮಾಡಿದ್ದಾರೆ, ಅಂದ್ಮೇಲೆ ಬಿಲ್ಡಿಂಗ್ ಸರಿ ಇರಲೇಬೇಕಲ್ವಾ? ತಗೊಳ್ಳೋದಾ, ಬಿಡೋದಾ?"

ಉತ್ತರ: ಮೇಷ್ಟ್ರೇ, ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆ ಒಂದಕ್ಕೊಂದು ಗಂಟು ಬಿದ್ದಿವೆ. ಬೀದಿ ಸುಧಾರಿಸುತ್ತಾ ಅನ್ನೋದು ಒಂದು, ಆ ಬಿಲ್ಡಿಂಗು ಗಟ್ಟಿ ಇದೆಯಾ ಅನ್ನೋದು ಇನ್ನೊಂದು. ಗಂಟು ಹಾಕಿದ್ದು ನೀವಲ್ಲ, ಬಿಲ್ಡರ್ರು. ನೀವು ಪಿಲ್ಲರ್ ಬಗ್ಗೆ ಕೇಳಿದಾಗ ಅವರು ಚರ್ಚ್ ಸ್ಟ್ರೀಟ್ ಬಗ್ಗೆ ಮಾತಾಡಿದ್ದಾರೆ. ನಾನು ಇಪ್ಪತ್ನಾಲ್ಕು ವರ್ಷದಿಂದ ಸ್ಟ್ರಕ್ಚರಲ್ ಇಂಜಿನಿಯರ್ ಕೆಲಸ ಮಾಡ್ತಿದ್ದೀನಿ, ಅದರಲ್ಲಿ ಅರ್ಧ ಈ ಪೇಟೆ ಗಲ್ಲಿಗಳಲ್ಲೇ ಕಳೆದಿದೆ. ಬೀದಿ ಹಾಳಾಗಿದ್ರೆ ಇವತ್ತಲ್ಲ ನಾಳೆ ಯಾರಾದ್ರೂ ಅಗೆದು ಸರಿ ಮಾಡ್ತಾರೆ, ಪಿಲ್ಲರ್ ಒಳಗಿನ ಕಾಂಕ್ರೀಟು ಹಾಳಾಗಿದ್ರೆ ಅದನ್ನ ಅಗೆಯೋಕೆ ಬರಲ್ಲ. ನಾನು ಯಾವಾಗ್ಲೂ ಲೆಕ್ಕ ಹಾಕೋದು ಹೀಗೆ.

ಮೊದಲು ಬೀದಿ ವಿಷಯ ಮುಗಿಸಿಬಿಡ್ತೀನಿ.

ಚರ್ಚ್ ಸ್ಟ್ರೀಟ್ ಹೊಸ ರೂಪದಲ್ಲಿ ಓಪನ್ ಆಗಿದ್ದು 2018ರಲ್ಲಿ. ಮುಕ್ಕಾಲು ಕಿಲೋಮೀಟರ್ ಒಳಗಿನ ರಸ್ತೆ, ಅದಕ್ಕೆ ಡಾಂಬರು ತೆಗೆದು ಕಲ್ಲು ಹಾಸಿದ್ರು, ಫುಟ್‌ಪಾತ್ ಅಗಲ ಮಾಡಿದ್ರು, ವೈರು ಪೈಪು ಎಲ್ಲಾ ಕೆಳಗೆ ಡಕ್ಟ್ ಒಳಗೆ ಹಾಕಿದ್ರು. 2020ರ ನವೆಂಬರಿಂದ ಕೆಲವು ತಿಂಗಳು ವೀಕೆಂಡಲ್ಲಿ ಗಾಡಿ ಬಿಡದೆ ಬರೀ ನಡೆಯೋರಿಗೆ ಕೊಟ್ಟಿದ್ದೂ ಉಂಟು, ನಾನೂ ಹೋಗಿ ಕಾಫಿ ಕುಡಿದು ಬಂದಿದ್ದೆ, ಚೆನ್ನಾಗೇ ಇತ್ತು. ಆಮೇಲೆ ಏನಾಯ್ತು, ಅಷ್ಟು ಗಾಡಿ ಓಡಾಡಿ ಕಲ್ಲುಗಳು ಅಲ್ಲಲ್ಲಿ ಎದ್ದವು, ಒಡೆದವು, ಮತ್ತೆ ಮತ್ತೆ ರಿಪೇರಿ. ಮುಖ್ಯ ಏನಂದ್ರೆ ಚರ್ಚ್ ಸ್ಟ್ರೀಟ್ ಮೊದಲಿಂದಾನೂ ಪುಸ್ತಕದಂಗಡಿ, ಹೋಟ್ಲು, ಪಬ್ಬು ಇದ್ದ ಜಾಗ, ಎಂ.ಜಿ. ರೋಡ್ ಮೆಟ್ರೋ ಪಕ್ಕದಲ್ಲೇ. ಬೀದಿ ಚೆಂದ ಆದಾಗ ಲಾಭ ಆಗಿದ್ದು ನೆಲಮಹಡಿ ಅಂಗಡಿ ಜಾಗ ಇಟ್ಕೊಂಡಿರೋರಿಗೆ. ಮೂರನೇ ಫ್ಲೋರಲ್ಲಿ ಸಂಸಾರ ಮಾಡೋರಿಗೆ ಜಾಸ್ತಿ ಸಿಗೋದು ರಾತ್ರಿ ಹನ್ನೊಂದರ ಗಲಾಟೆ.

ಕಾಟನ್‌ಪೇಟೆ ಕತೆ ಬೇರೆ. ಮೇನ್ ರೋಡು ಟೆಂಡರ್‌ಶ್ಯೂರ್ ಅಂತ, ಅಂದ್ರೆ ಫುಟ್‌ಪಾತು, ಚರಂಡಿ, ಪೈಪು ಎಲ್ಲಾ ಸೇರಿಸಿ ರೋಡನ್ನ ಹೊಸದಾಗಿ ಮಾಡೋ ಯೋಜನೆ ಅಂತ ಅಗೆದ್ರಲ್ಲ, ಹೇಳಿದ ಟೈಮಿಗೆ ಮುಗೀಲಿಲ್ಲ, ವರ್ಷಗಟ್ಲೆ ಎಳೀತು, ಅಂಗಡಿಯವರು ಧೂಳು ಕುಡಿದು ವ್ಯಾಪಾರ ಇಲ್ಲದೆ ಕೂತಿದ್ರು, ಅದರ ಮಧ್ಯ ಕೋವಿಡ್ಡು. ಮುಗಿದ ಮೇಲೆ ರೋಡು ಹಳೇದಕ್ಕಿಂತ ಎಷ್ಟೋ ವಾಸಿ ಅನ್ನೋದು ನಿಜ, ಸುಳ್ಳು ಹೇಳಲ್ಲ. ಆದ್ರೆ ನಿಮ್ಮ ಮಗಳು ಇರೋದು ಮೇನ್ ರೋಡಲ್ಲಿ ಅಲ್ಲ, ಗಲ್ಲಿಯಲ್ಲಿ. ಗಲ್ಲಿಗೆ ಟೆಂಡರ್ ಆಗಿದೆಯಾ, ವರ್ಕ್ ಆರ್ಡರ್ ಇದೆಯಾ, ಇದ್ರೆ ತೋರ್ಸಿ ಅನ್ನಿ. ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರಿಂದ ಜಿಬಿಎ (ಗ್ರೇಟರ್ ಬೆಂಗಳೂರು ಅಥಾರಿಟಿ) ಕೆಳಗೆ ಐದು ಕಾರ್ಪೊರೇಷನ್ ಆಗಿವೆ, ವಾರ್ಡ್ ಆಫೀಸಲ್ಲಿ ಇಂಜಿನಿಯರ್ ಹತ್ರ ನೀವೇ ಕೇಳಬಹುದು. "ಆಗುತ್ತೆ" ಅನ್ನೋ ಮಾತಿಗೆ ಒಂದು ರೂಪಾಯಿನೂ ಜಾಸ್ತಿ ಕೊಡಬೇಡಿ.

ಇನ್ನೊಂದು ತಪ್ಪು ತಿಳುವಳಿಕೆ ಇದೆ, ರೋಡು ಹೊಸದಾದ್ರೆ ಅಗಲ ಆಗುತ್ತೆ ಅಂತ. ಟೆಂಡರ್‌ಶ್ಯೂರಲ್ಲಿ ಅಗಲ ಆಗೋದು ಫುಟ್‌ಪಾತು. ಗಾಡಿ ಓಡೋ ಜಾಗ ಒಂದೇ ಅಳತೆಗೆ ತರ್ತಾರೆ, ಅಷ್ಟೇ. ನಿಮ್ಮ ಗಲ್ಲಿ ಇಪ್ಪತ್ತಡಿ ಇದ್ರೆ ಆಮೇಲೂ ಇಪ್ಪತ್ತಡಿನೇ. ಒಂದು ವೇಳೆ ನಿಜವಾಗ್ಲೂ ವೈಡನಿಂಗ್ ಲೈನು ಎಳೆದಿದ್ರೆ ಅದು ಖುಷಿ ವಿಷಯ ಅಲ್ಲ, ನಿಮ್ಮ ಬಿಲ್ಡಿಂಗಿನ ಮುಂಭಾಗಾನೇ ಹೋಗಬಹುದು, ಬದಲಿಗೆ ಸಿಗೋದು ಟಿಡಿಆರ್ ಕಾಗದ, ಅಂದ್ರೆ ದುಡ್ಡಲ್ಲ, ಬೇರೆ ಕಡೆ ಹೆಚ್ಚು ಕಟ್ಟಿಕೊಳ್ಳೋ ಹಕ್ಕು. ಹಾಗಾಗಿ ವೈಡನಿಂಗ್ ಇದೆಯಾ ಅಂತ ಈಗ ಚಾಲ್ತಿಯಲ್ಲಿರೋ 2015ರ ಮಾಸ್ಟರ್ ಪ್ಲಾನ್ ಮ್ಯಾಪಲ್ಲಿ ನೋಡಿಸಿ.

ಬೀದಿಗೂ ಬಿಲ್ಡಿಂಗಿಗೂ ನಿಜವಾಗ್ಲೂ ಸಂಬಂಧ ಇರೋದು ಬೇರೆ ಕಡೆ, ಅದನ್ನ ಯಾರೂ ಹೇಳಲ್ಲ. ಒಂದು, ಲೆವೆಲ್ಲು. ಪೇಟೆಯಲ್ಲಿ ಹಳೇ ಮನೆಗಳ ಹೊಸಿಲು ರೋಡಿಗಿಂತ ಕೆಳಗೆ ಇರೋದು ನೋಡಿರ್ತೀರ, ಆ ಮನೆ ಕಟ್ಟಿದವರಿಗೆ ಬುದ್ಧಿ ಇರಲಿಲ್ಲ ಅಂತಲ್ಲ, ಜಗಲಿ ಮೇಲಿಟ್ಟೇ ಕಟ್ಟಿದ್ರು, ಆಮೇಲೆ ಐವತ್ತು ವರ್ಷ ಡಾಂಬರಿನ ಮೇಲೆ ಡಾಂಬರು ಹಾಕಿ ರೋಡೇ ಮೇಲೆ ಬಂತು. ಈಗ ವೈಟ್ ಟಾಪಿಂಗ್ ಬಂದಿದೆ, ಹಳೇದನ್ನ ಕೆರೆದು ತೆಗೀದೆ ಮೇಲೇನೇ ಕಾಂಕ್ರೀಟ್ ಹಾಕಿದ್ರೆ ಒಂದೇ ಸಲಕ್ಕೆ ಅರ್ಧ ಅಡಿ ಏರುತ್ತೆ. ಅಂದ್ರೆ ಗಲ್ಲಿ "ಚೆನ್ನಾದ" ದಿನಾನೇ ನಿಮ್ಮ ಪಾರ್ಕಿಂಗಿಗೆ ನೀರು ನುಗ್ಗೋಕೆ ಶುರುವಾಗಬಹುದು. ಗೇಟಿನ ಹತ್ರ ನಿಂತು ನೋಡಿ, ಪಾರ್ಕಿಂಗ್ ನೆಲ ರೋಡಿಗಿಂತ ಎಷ್ಟು ಮೇಲಿದೆ? ಒಂದೂವರೆ ಅಡಿ ಇದ್ರೆ ನೆಮ್ಮದಿ. ಸಮ ಇದ್ರೆ, ಅಥವಾ ಗೇಟಿಂದ ಒಳಗೆ ಇಳಿಜಾರು ಇದ್ರೆ, ಸಂಪು ಎಲ್ಲಿದೆ ನೋಡಿ, ಅದರ ಬಾಯಿ ಆ ನೆಲದ ಮಟ್ಟದಲ್ಲೇ ಇದ್ದು ಪಕ್ಕದಲ್ಲಿ ಯುಜಿಡಿ (ಒಳಚರಂಡಿ) ಚೇಂಬರೂ ಇದ್ರೆ ಮುಂದೇನಾಗುತ್ತೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೇದು ಇನ್ನೂ ಮುಖ್ಯ, ಗಲ್ಲಿ ಕಿರಿದಾಗಿರೋದಕ್ಕೂ ನೀವು ನೋಡಿದ ಪಿಲ್ಲರ್ ಬುಡಕ್ಕೂ ನೇರ ಸಂಬಂಧ ಇದೆ. ಇಂಥಾ ಕಡೆ ಹಗಲು ದೊಡ್ಡ ಗಾಡಿ ತರೋಕಾಗಲ್ಲ. ಆರ್‌ಎಂಸಿ ಗಾಡಿ, ಅಂದ್ರೆ ಪ್ಲಾಂಟಲ್ಲೇ ಕಲಸಿದ ರೆಡಿ ಮಿಕ್ಸ್ ಕಾಂಕ್ರೀಟ್ ಗಾಡಿ, ಅದೇ ಹೊಟ್ಟೆ ತಿರುಗ್ತಾ ಬರುತ್ತಲ್ಲ, ರಾತ್ರಿ ಹತ್ತರ ಮೇಲೆ ಬರುತ್ತೆ. ಗಲ್ಲಿ ಒಳಗೆ ತಿರುಗಲ್ಲ, ಮೇನ್ ರೋಡಲ್ಲಿ ನಿಲ್ಲುತ್ತೆ, ಅಲ್ಲಿಂದ ಪೈಪ್‌ಲೈನ್ ಎಳೆದು ಪಂಪ್ ಮಾಡ್ತಾರೆ. ಸಾಮಾನ್ಯವಾಗಿ ಲೋಡ್ ಮಾಡಿದ ಎರಡು ಗಂಟೆ ಒಳಗೆ ಕಾಂಕ್ರೀಟ್ ಸುರಿದು ಮುಗೀಬೇಕು. ಆದ್ರೆ ಪೈಪ್ ಕಟ್ಟಿಕೊಳ್ಳುತ್ತೆ, ಯಾರೋ ಕಾರು ಅಡ್ಡ ನಿಲ್ಲಿಸಿರ್ತಾರೆ, ಹಿಂದೆ ಎರಡನೇ ಗಾಡಿ ಬಂದು ನಿಂತಿರುತ್ತೆ, ಕಾಂಕ್ರೀಟ್ ಗಟ್ಟಿಯಾಗ್ತಾ ಬರುತ್ತೆ. ಆಗ ಒಬ್ಬ ಹತ್ತಿ ನೀರಿನ ಪೈಪ್ ಹೊಟ್ಟೆ ಒಳಗೆ ಬಿಡ್ತಾನೆ. ನಾನು ಕಣ್ಣಾರೆ ನೋಡಿದ್ದೀನಿ, ಚಿಕ್ಕಪೇಟೆ ಕಡೆ ಒಂದು ಸೈಟಲ್ಲಿ, ಬಿಲ್ಡರ್ ಹೆಸರು ಬೇಡ, ರಾತ್ರಿ ಒಂದೂವರೆಗೆ ನಾನು ಹೋಗಿದ್ದು ಅವರಿಗೆ ಗೊತ್ತಿರಲಿಲ್ಲ. ನೀರು ಬಿಟ್ಟವನನ್ನ ಕೇಳಿದ್ರೆ "ಸ್ವಲ್ಪ ಲೂಸ್ ಮಾಡ್ದೆ ಸಾರ್" ಅಂದ. ಲೆಕ್ಕ ಹಾಕಿ, ಆರು ಕ್ಯೂಬಿಕ್ ಮೀಟರ್ ಗಾಡಿಯಲ್ಲಿ ಸುಮಾರು 2,100 ಕೆಜಿ ಸಿಮೆಂಟ್ ಇದೆ ಅಂದ್ಕೊಂಡ್ರೆ ನೀರು ಅದರ ಅರ್ಧ, 1,050 ಲೀಟರ್ ಸಾಕು. ಇವನು ಇನ್ನೂರು ಲೀಟರ್ "ಲೂಸ್" ಮಾಡಿದ್ರೆ 0.5 ಇದ್ದ ನೀರು-ಸಿಮೆಂಟ್ ಅನುಪಾತ 0.6ರ ಹತ್ರ ಹೋಯ್ತು. ನೋಡೋಕೆ ಚೆನ್ನಾಗಿ ಹರಿಯುತ್ತೆ, ಬೆಳಿಗ್ಗೆ ನುಣ್ಣಗೂ ಕಾಣುತ್ತೆ. ಬಲ ಮಾತ್ರ ಹೋಗಿರುತ್ತೆ, ಒಳಗೆ ಸಣ್ಣ ಸಣ್ಣ ತೂತು ಜಾಸ್ತಿಯಾಗಿ ನೀರು ಕುಡಿಯೋ ಕಾಂಕ್ರೀಟ್ ಆಗುತ್ತೆ. "ಆರ್‌ಎಂಸಿ ಸಾರ್, ಬ್ರ್ಯಾಂಡೆಡ್ ಸಿಮೆಂಟು" ಅನ್ನೋದೆಲ್ಲ ಗಾಡಿ ಪ್ಲಾಂಟ್ ಬಿಡೋವರೆಗಿನ ಮಾತು.

ಈಗ ನೀವು ನೋಡಿದ ಮೂರು ವಿಷಯ. ಮೇಸ್ತ್ರಿ ಎಲ್ಲಾ ಕಡೆ ಹಂಗೇ ಅಂದ ಅಂದ್ರಲ್ಲ, ಮೂರರಲ್ಲಿ ಒಂದಕ್ಕೆ ಅವನ ಮಾತು ಸರಿ.

ಅದು ಗೋಡೆ-ಬೀಮಿನ ಬಿರುಕು. ಸಾಲಿಡ್ ಬ್ಲಾಕ್ ಗೋಡೆಯನ್ನ ಒಂದೇ ದಿನಕ್ಕೆ ಬೀಮಿನ ತಳಕ್ಕೆ ಮುಟ್ಟಿಸಿಬಿಡ್ತಾರೆ, ಹಸಿ ಗಾರೆ ಆರ್ತಾ ಗೋಡೆ ಕೂದಲೆಳೆಯಷ್ಟು ಕೂರುತ್ತೆ, ಬೀಮು ಅಲ್ಲೇ ಇರುತ್ತೆ, ಮಧ್ಯ ಗೆರೆ ಬೀಳುತ್ತೆ. ಕೊನೇ ಸಾಲು ಕೆಲವು ದಿನ ಬಿಟ್ಟು ಕಟ್ಟಬೇಕು, ಪ್ಲಾಸ್ಟರಿಂಗ್ ಮಾಡೋಕೆ ಮುಂಚೆ ಆ ಜಾಗಕ್ಕೆ ಚಿಕನ್ ಮೆಶ್ ಹೊಡೀಬೇಕು. ಮಾಡಿಲ್ಲ. ಇದರಿಂದ ಬಿಲ್ಡಿಂಗ್ ಬೀಳಲ್ಲ, ಒಳಗಿನ ಗೋಡೆ ಆದ್ರೆ ಕೆತ್ತಿ ಮೆಶ್ ಹಾಕಿ ಮುಚ್ಚಬಹುದು, ಹೊರಗಿನ ಗೋಡೆ ಆದ್ರೆ ಮಳೆ ನೀರು ಅಲ್ಲಿಂದಾನೇ ಒಳಗೆ ಬರುತ್ತೆ ಅನ್ನೋದು ತಲೆನೋವು. ಒಂದು ಕೆಲಸ ಮಾಡಿ, ಬಿರುಕಿನ ಎರಡೂ ತುದಿಗೆ ಪೆನ್ಸಿಲಲ್ಲಿ ಗೆರೆ ಎಳೆದು ತಾರೀಖು ಬರೀರಿ, ಎರಡು ತಿಂಗಳು ಬಿಟ್ಟು ಹೋಗಿ ನೋಡಿ, ಗೆರೆ ದಾಟಿಲ್ಲ ಅಂದ್ರೆ ಸತ್ತ ಬಿರುಕು. ಹೆದರಬೇಕಾಗಿರೋದು ಬೀಮಿನ ತುದಿಯಲ್ಲಿ, ಪಿಲ್ಲರ್‌ಗೆ ಸೇರೋ ಹತ್ರ ಓರೆಯಾಗಿ ಬರೋ ಬಿರುಕಿಗೆ, ಪಿಲ್ಲರಲ್ಲೇ ಮೇಲಿಂದ ಕೆಳಗೆ ಸೀಳಿದ ಹಾಗೆ ಬರೋದಕ್ಕೆ, ಕಬ್ಬಿಣ ಇರೋ ಗೆರೆಯಲ್ಲೇ ಬಂದು ಕಂದು ಬಣ್ಣ ಬಿಟ್ಟಿರೋದಕ್ಕೆ.

ಪಿಲ್ಲರ್ ಬುಡದ ಜಲ್ಲಿ, ನಾವು ಹನಿಕೋಂಬ್ ಅಂತೀವಿ, ಅದು ಬೇರೆ ಜಾತಿ. ಹತ್ತಡಿ ಮೇಲಿಂದ ಕಾಂಕ್ರೀಟ್ ಸುರಿದಾಗ ಜಲ್ಲಿ ಮೊದಲು ಕೆಳಗೆ ಬೀಳುತ್ತೆ, ಶಟರಿಂಗ್ ಸಂದಿಯಿಂದ ಸಿಮೆಂಟ್ ಹಾಲು ಸೋರಿ ಹೋಗುತ್ತೆ, ವೈಬ್ರೇಟರ್ ಸೂಜಿ ಬುಡಕ್ಕೆ ಮುಟ್ಟಲ್ಲ ಅಥವಾ ಹುಡುಗ ಬಿಟ್ಟೇ ಇಲ್ಲ. ಪಿಲ್ಲರ್‌ಗೆ ಅತಿ ಹೆಚ್ಚು ಭಾರ ಬರೋದು ಪಾರ್ಕಿಂಗ್ ಲೆವೆಲ್ಲಲ್ಲೇ, ಇಡೀ ನಾಲ್ಕು ಫ್ಲೋರು ಅದರ ತಲೆ ಮೇಲೆ. ಕಬ್ಬಿಣದ ಹೊರಗೆ ಇರಬೇಕಾದ ಕವರು ಪಿಲ್ಲರಿಗೆ 40 ಎಂಎಂ. ಜಲ್ಲಿ ಆ ಕವರ್ ಮಟ್ಟದಲ್ಲಿ ಮಾತ್ರ ಬಿಟ್ಟುಕೊಂಡಿದ್ರೆ ರಿಪೇರಿ ಸುಲಭ, ಕಬ್ಬಿಣದ ರಿಂಗಿನ ಒಳಗೂ ಹೋಗಿದ್ರೆ ಪಿಲ್ಲರ್‌ನ ತಿರುಳೇ ಟೊಳ್ಳು. ಹೊರಗಿಂದ ನೋಡಿ ಇದು ಯಾವುದು ಅಂತ ನಾನೂ ಹೇಳೋಕಾಗಲ್ಲ. ಅದಕ್ಕೇ ನನಗೆ ಸಿಟ್ಟು ಬರೋದು ಜಲ್ಲಿ ಕಾಣ್ತಿರೋ ಪಿಲ್ಲರ್ ಮೇಲಲ್ಲ, ಸಿಮೆಂಟ್ ಮೆತ್ತಿರೋ ಪಿಲ್ಲರ್ ಮೇಲೆ. ಸರಿಯಾದ ರಿಪೇರಿ ಅಂದ್ರೆ ಸಡಿಲ ಇರೋದನ್ನೆಲ್ಲ ಗಟ್ಟಿ ಸಿಗೋವರೆಗೂ ಕೆತ್ತಿ, ಬೇಕಿದ್ರೆ ಸುತ್ತ ಪ್ರಾಪ್ ಕೊಟ್ಟು, ತೊಳೆದು, ಕುಗ್ಗದ ಗ್ರೌಟೋ ಮೈಕ್ರೋ ಕಾಂಕ್ರೀಟೋ ಹಾಕಿ ತುಂಬಬೇಕು, ಇಂಜಿನಿಯರ್ ಬರೆದು ಕೊಟ್ಟ ಪ್ರಕಾರ. ಕರಣೆಯಲ್ಲಿ ಗಾರೆ ಮೆತ್ತೋದು ಹುಳುಕು ಹಲ್ಲಿಗೆ ಸುಣ್ಣ ಬಳಿದ ಹಾಗೆ.

ಸುತ್ತಿಗೆಯಲ್ಲಿ ಬಡಿದು ಶಬ್ದ ಕೇಳಿ ಹೇಳ್ತೀವಿ ಅನ್ನೋರು ಬರ್ತಾರೆ, ಮೆತ್ತಿದ ಗಾರೆ ಟೊಳ್ಳಾಗಿದೆಯಾ ಅಂತ ತಿಳಿಯೋಕೆ ಅದು ಸಾಕು, ಅಷ್ಟಕ್ಕೆ ಮಾತ್ರ. ಪಿಲ್ಲರಿಗೆ ಅಲ್ಟ್ರಾಸೌಂಡ್ ಥರದ ಯುಪಿವಿ ಟೆಸ್ಟ್ ಇದೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಅಲೆ ಬಿಟ್ಟು ಎಷ್ಟು ಬೇಗ ದಾಟುತ್ತೆ ನೋಡೋದು, ಒಳಗೆ ಟೊಳ್ಳಿದ್ರೆ ನಿಧಾನ ಆಗುತ್ತೆ. ಅನುಮಾನ ಬಂದ್ರೆ ಕೋರ್ ತೆಗೀತಾರೆ, ಸಣ್ಣ ಸಿಲಿಂಡರ್ ಥರ ಕೊರೆದು ತೆಗೆದು ಮೆಷಿನಲ್ಲಿ ಒಡೆದು ನೋಡೋದು. ಡ್ರಾಯಿಂಗಲ್ಲಿ ಎಂ25 ಅಂತಿದ್ರೆ, ಅಂದ್ರೆ ಕಾಂಕ್ರೀಟಿನ ಬಲ 25 ಇರಬೇಕು ಅಂತಿದ್ರೆ, ನಮ್ಮ ದೇಶದ ಕಾಂಕ್ರೀಟ್ ಕೋಡ್ ಐಎಸ್ 456 ಪ್ರಕಾರ ಕೋರ್‌ಗಳ ಸರಾಸರಿ ಅದರ 85 ಪರ್ಸೆಂಟ್ ಬರಬೇಕು, ಯಾವ ಒಂದೂ 75ಕ್ಕಿಂತ ಕೆಳಗೆ ಬರಬಾರದು, ಅಂದ್ರೆ ಸರಾಸರಿ 21.25, ಒಂದೊಂದೂ 18.75ಕ್ಕೆ ಕಡಿಮೆ ಇಲ್ಲದೆ. ಕಾಲೇಜುಗಳ ಸಿವಿಲ್ ಡಿಪಾರ್ಟ್‌ಮೆಂಟಲ್ಲೂ ಪ್ರೈವೇಟ್ ಲ್ಯಾಬಲ್ಲೂ ಮಾಡ್ತಾರೆ, ನೀವು ಹಾಕ್ತಿರೋ 80 ಲಕ್ಷದ ಮುಂದೆ ಅದರ ಖರ್ಚು ಏನೂ ಅಲ್ಲ.

ಮೂರನೇದು ಬಿಳೀ ಉಪ್ಪು. ಉಪ್ಪು ಒರೆಸಿದ್ರೆ ಹೋಗುತ್ತೆ, ಮತ್ತೆ ಬರುತ್ತೆ, ಯಾಕಂದ್ರೆ ಉಪ್ಪನ್ನ ಹೊತ್ತು ತರ್ತಿರೋದು ನೀರು. ಆ ನೀರು ಎಲ್ಲಿಂದ ಅನ್ನೋದು ಪ್ರಶ್ನೆ. ಮೆಟ್ಟಿಲ ಪಕ್ಕದ ಗೋಡೆ ಅಂದ್ರಿ, ಪೇಟೆ ಸೈಟಲ್ಲಿ ಅದು ಪಕ್ಕದ ಬಿಲ್ಡಿಂಗಿಗೆ ಅಂಟಿಕೊಂಡ ಹಾಗೆ ಇರೋ ಗೋಡೆ ಆಗಿರುತ್ತೆ, ಮಧ್ಯ ಕೈ ತೂರದಷ್ಟು ಸಂದಿ. ಆ ಕಡೆ ಪ್ಲಾಸ್ಟರಿಂಗ್ ಮಾಡೋಕೆ ಮನುಷ್ಯ ನಿಲ್ಲೋ ಜಾಗವೇ ಇಲ್ಲ, ಬ್ಲಾಕು ಬೋಳಾಗೇ ಇರುತ್ತೆ, ಮಳೆ ನೀರು ಸಂದಿಗೆ ಬಿದ್ದು ಬೇಸಿಗೆವರೆಗೂ ಆರಲ್ಲ. ಟೆರೇಸಿಗೆ ಹತ್ತಿ ಆ ಸಂದಿಗೆ ಟಾರ್ಚ್ ಬಿಟ್ಟು ನೋಡಿ. ಮೇಲೆ ಶೀಟಲ್ಲೋ ಕಾಂಕ್ರೀಟ್ ಪಟ್ಟಿಯಲ್ಲೋ ಸಂದಿಯನ್ನ ಮುಚ್ಚಿದ್ರೆ ಮುಕ್ಕಾಲು ಸಮಸ್ಯೆ ಹೋಗುತ್ತೆ, ಆದ್ರೆ ಅದಕ್ಕೆ ಪಕ್ಕದ ಮನೆಯವರು ಒಪ್ಪಬೇಕು. ಇನ್ನು ಮಾಸ್ಟರ್ ಪ್ಲಾನ್ ಪ್ರಕಾರ ಸುತ್ತ ಖಾಲಿ ಬಿಡಬೇಕಾದ ಜಾಗ, ಸೆಟ್‌ಬ್ಯಾಕ್, ಎಲ್ಲಿ ಹೋಯ್ತು ಅನ್ನೋದು ಬೇರೆ ಪ್ರಶ್ನೆ, ಬಿಲ್ಡರ್‌ನ ಕೇಳಿ.

ನೀರನ್ನ ಹಗುರವಾಗಿ ತಗೋಬೇಡಿ. ನನ್ನ ಅಣ್ಣನ ಮಗ ಕೆನಡಾದ ವ್ಯಾಂಕೂವರಲ್ಲಿ ಕಾಂಡೋ ತಗೊಳ್ಳುವಾಗ ಅಲ್ಲಿನ ಕತೆ ಓದಿದ್ದೆ. ಎಂಬತ್ತು ತೊಂಬತ್ತರ ದಶಕದಲ್ಲಿ ಅಲ್ಲಿ ಸಾವಿರಾರು ಫ್ಲ್ಯಾಟ್ ಕಟ್ಟಿದ್ರು, ಮರದ ಚೌಕಟ್ಟು, ಹೊರಗೆ ಗಾರೆ ಥರದ ಸ್ಟಕ್ಕೋ, ಚೆಂದ ಕಾಣಲಿ ಅಂತ ಸೂರು ಮುಂದೆ ಚಾಚಲಿಲ್ಲ. ಮಳೆ ಊರು, ಗೋಡೆ ಒಳಗೆ ಹೋದ ನೀರು ಹೊರಗೆ ಬರೋಕೆ ದಾರಿ ಇಲ್ಲ, ಮರ ಒಳಗೊಳಗೇ ಕೊಳೀತು. 1998ರಲ್ಲಿ ಆ ಪ್ರಾಂತ್ಯದ ಮಾಜಿ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿ ಥರ) ಡೇವ್ ಬ್ಯಾರೆಟ್ ನೇತೃತ್ವದಲ್ಲಿ ಕಮಿಷನ್ ಕೂರಿಸಬೇಕಾಯ್ತು, ಆಮೇಲೆ ಹೊಸ ಮನೆಗೆ ಕಡ್ಡಾಯ ವಾರಂಟಿ ಬಂತು, ಕೆಲಸಕ್ಕೆ ಸಾಮಾನಿಗೆ 2 ವರ್ಷ, ಹೊರಮೈಗೆ 5, ಸ್ಟ್ರಕ್ಚರಿಗೆ 10. ನಮ್ಮಲ್ಲಿ ಮರ ಇಲ್ಲ, ಕಬ್ಬಿಣ ಇದೆ, ಅದಕ್ಕೆ ತುಕ್ಕು ಇದೆ. ನಿಮ್ಮ ಬಿಲ್ಡಿಂಗಿನ ಕಿಟಕಿಗಳ ಮೇಲೆ ಸಜ್ಜಾ ಇದೆಯಾ ನೋಡಿ, ಈಗಿನ ಎಲಿವೇಷನ್ ಹುಚ್ಚಲ್ಲಿ ಮೊದಲು ಹಾರೋದೇ ಸಜ್ಜಾ.

ಈ ಸ್ಲ್ಯಾಬು ಪಿಲ್ಲರು ಯಾವ ತಿಂಗಳಲ್ಲಿ ಹಾಕಿದ್ದು ಅಂತಲೂ ಕೇಳಿ, ಇದು ಸುಮ್ನೆ ಕೇಳೋ ಪ್ರಶ್ನೆ ಅಲ್ಲ. 2024ರ ಮಾರ್ಚಲ್ಲಿ ಬೋರ್‌ವೆಲ್ ಬತ್ತಿ ಬೆಂಗಳೂರಲ್ಲಿ ಎಂಥಾ ಪರಿಸ್ಥಿತಿ ಆಗಿತ್ತು ಅಂತ ನೆನಪಿದೆಯಲ್ಲ, ಕುಡಿಯೋ ನೀರು ಕಟ್ಟಡ ಕೆಲಸಕ್ಕೆ ಬಳಸಿದ್ರೆ 5,000 ದಂಡ ಅಂತ ಜಲಮಂಡಳಿ ಹೇಳಿತ್ತು. ಅಂಥಾ ಬೇಸಿಗೆಯಲ್ಲಿ ಸಣ್ಣ ಸೈಟುಗಳಲ್ಲಿ ಎರಡು ಥರ ಆಗುತ್ತೆ. ಒಂದು, ಕ್ಯೂರಿಂಗ್ ಸರಿ ಮಾಡಲ್ಲ, ವಾರ ಹತ್ತು ದಿನ ಗೋಣಿಚೀಲ ಸುತ್ತಿ ಒದ್ದೆ ಇಡಬೇಕಾದ ಪಿಲ್ಲರಿಗೆ ದಿನಕ್ಕೊಂದು ಸಲ ಚೊಂಬಲ್ಲಿ ಎರಚ್ತಾರೆ. ಎರಡು, ಟ್ಯಾಂಕರ್ ಯಾವ ನೀರು ತಂದ್ರೂ ಸರಿ ಅಂತ ಕಾಂಕ್ರೀಟಿಗೂ ಅದನ್ನೇ ಕಲಸ್ತಾರೆ. ಶುದ್ಧೀಕರಿಸಿದ ಕೊಳಚೆ ನೀರು ಬಳಸಬಾರದು ಅಂತ ಅಲ್ಲ, ಟೆಸ್ಟ್ ಮಾಡಿಸಿ ಬಳಸಬೇಕು, ಕಬ್ಬಿಣ ಇರೋ ಕಾಂಕ್ರೀಟಿಗೆ ನೀರಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು. ಮೀರಿದ್ರೆ ಏನಾಗುತ್ತೆ ಅಂತ ಗುರುಗ್ರಾಮದ ಸೆಕ್ಟರ್ 109ರಲ್ಲಿ ನೋಡಿದ್ದೀವಿ, 2022ರ ಫೆಬ್ರವರಿಯಲ್ಲಿ ಒಂದು ಟವರಲ್ಲಿ ಆರನೇ ಮಹಡಿ ನೆಲ ಕುಸಿದು ಕೆಳಗಿನ ಮಹಡಿಗಳನ್ನೂ ಎಳ್ಕೊಂಡು ಹೋಯ್ತು, ಇಬ್ಬರು ಹೆಂಗಸರು ಸತ್ರು. ಐಐಟಿ ದಿಲ್ಲಿಯವರು ನೋಡಿದಾಗ ಕಾಂಕ್ರೀಟಲ್ಲೇ ಕ್ಲೋರೈಡ್, ಕಬ್ಬಿಣ ತುಕ್ಕು ತಿಂದಿತ್ತು. ಅದು ಹಳೇ ಬಿಲ್ಡಿಂಗೂ ಅಲ್ಲ, ಬಡವರ ಬಿಲ್ಡಿಂಗೂ ಅಲ್ಲ.

ಎಂ-ಸ್ಯಾಂಡ್, ಅಂದ್ರೆ ಕಲ್ಲು ಪುಡಿ ಮಾಡಿ ತಯಾರಿಸೋ ಮರಳಿನ ಬಗ್ಗೆ ನೀವು ಕೇಳಿಲ್ಲ, ಆದ್ರೆ ಮುಂದಿನ ಸಲ ಕೇಳೇ ಕೇಳ್ತೀರ, ಎಲ್ಲರೂ ಕೇಳ್ತಾರೆ. ಒಳ್ಳೇ ಎಂ-ಸ್ಯಾಂಡಿಂದ ಏನೂ ತೊಂದರೆ ಇಲ್ಲ, ಕ್ರಷರ್ ಧೂಳನ್ನೇ ಎಂ-ಸ್ಯಾಂಡ್ ಅಂತ ತಂದು ಸುರಿದ್ರೆ ತೊಂದರೆ.

ಬ್ಯಾಂಕ್ ವಿಷಯಕ್ಕೆ ಬರೋಣ. ಬ್ಯಾಂಕಿನ ಲಾಯರ್ ನೋಡೋದು ಟೈಟಲ್ಲು, ವ್ಯಾಲ್ಯುಯರ್ ನೋಡೋದು ರೇಟು. ಅವರಲ್ಲಿ ಯಾರೂ ನಿಮ್ಮ ಪಿಲ್ಲರ್ ಬುಡಕ್ಕೆ ಬಗ್ಗಿ ನೋಡಿರಲ್ಲ. ಅವರ ದುಡ್ಡಿಗೆ ನಿಮ್ಮ ಪೆನ್ಷನ್ನು, ಮಗಳ ಸಂಬಳ ಗ್ಯಾರಂಟಿ, ಹಾಗಾಗಿ ಲೋನ್ ಆಗಿದೆ ಅಂದ್ರೆ ನೀವು ಗಟ್ಟಿ ಇದ್ದೀರ ಅಂತ ಅರ್ಥ, ಬಿಲ್ಡಿಂಗ್ ಅಲ್ಲ.

ಪೇಪರಲ್ಲಿ ನಾನು ನೋಡೋದು ಮೊದಲು ಒಂದೇ, ಸ್ಯಾಂಕ್ಷನ್ ಪ್ಲಾನಲ್ಲಿ ಎಷ್ಟು ಫ್ಲೋರ್ ಇದೆ. 4,800 ಅಡಿ ಸೈಟಲ್ಲಿ ನಾಲ್ಕು ಫ್ಲೋರು, ಫ್ಲೋರಿಗೆ ಮೂರು ಮನೆ. ಒಂದೊಂದು ಸಾವಿರ ಅಡಿ ಅಂದ್ರೂ 12,000 ಅಡಿ ಆಯ್ತು, ಅಂದ್ರೆ ಸೈಟಿನ ಎರಡೂವರೆ ಪಟ್ಟು. ಎಫ್‌ಎಆರ್, ಅಂದ್ರೆ ಸೈಟಿನ ಎಷ್ಟು ಪಟ್ಟು ಕಟ್ಟಬಹುದು ಅನ್ನೋ ಮಿತಿ, ಕೊಡೋದು ರೋಡಿನ ಅಗಲ ನೋಡಿ, ನಿಮ್ಮ ಗಲ್ಲಿಗೆ ಅಷ್ಟು ಸಿಕ್ಕಿರುತ್ತಾ ಅಂತ ನನಗೆ ಬಲವಾದ ಅನುಮಾನ. ಪ್ಲಾನಲ್ಲಿ ಮೂರು ಇದ್ದು ನಾಲ್ಕು ಕಟ್ಟಿದ್ರೆ ಅದು ಬರೀ ಕಾಗದದ ತಪ್ಪಲ್ಲ, ಆ ಫೌಂಡೇಷನ್ನು ಆ ಪಿಲ್ಲರು ಮೂರಕ್ಕೆ ಡಿಸೈನ್ ಆಗಿರೋದು, ಅದರ ಮೇಲೆ ನಿಮ್ಮ ಹನಿಕೋಂಬ್. ಓಸಿ, ಅಂದ್ರೆ ಪ್ಲಾನ್ ಪ್ರಕಾರ ಕಟ್ಟಿದೆ, ವಾಸ ಮಾಡಬಹುದು ಅನ್ನೋ ಸರ್ಟಿಫಿಕೇಟು, ಸಿಗಲ್ಲ. "ಅಕ್ರಮ-ಸಕ್ರಮದಲ್ಲಿ ಮಾಡಿಸ್ಕೊಳ್ಳೋಣ" ಅಂದ್ರೆ ನಗಬೇಕು, ದಂಡ ಕಟ್ಟಿ ಸಕ್ರಮ ಮಾಡ್ಕೊಳ್ಳೋ ಆ ಸ್ಕೀಮಿಗೆ ಸುಪ್ರೀಂ ಕೋರ್ಟ್ 2017ರಲ್ಲೇ ತಡೆ ಕೊಟ್ಟಿದೆ. ಅದರ ಮೇಲೆ 2024ರ ಡಿಸೆಂಬರಲ್ಲಿ ಓಸಿ ಇಲ್ಲದೆ ಕರೆಂಟು ನೀರು ಕನೆಕ್ಷನ್ ಕೊಡಬಾರದು ಅಂತಲೂ ಹೇಳಿದೆ.

ರೇರಾ, ಅಂದ್ರೆ ಮನೆ ಕೊಳ್ಳೋರ ರಕ್ಷಣೆಗೆ ಇರೋ ರಿಯಲ್ ಎಸ್ಟೇಟ್ ಕಾಯ್ದೆ? ಬಹುಶಃ ಬಿಲ್ಡರ್ "ನಮಗೆ ಬರಲ್ಲ" ಅಂತಾರೆ. ಕಾಯ್ದೆಯಲ್ಲಿ ಜಾಗ 500 ಚದರ ಮೀಟರ್ ಮೀರದಿದ್ರೆ ಅಥವಾ ಮನೆ 8 ಮೀರದಿದ್ರೆ ರಿಜಿಸ್ಟ್ರೇಷನ್ ಬೇಡ ಅಂತ ಇದೆ. ನಿಮ್ಮದು ಸುಮಾರು 446 ಚದರ ಮೀಟರ್, ಮನೆ 12. ಆ "ಅಥವಾ" ಹಿಡ್ಕೊಂಡು ಪೇಟೆಯ ಎಷ್ಟೋ ಸಣ್ಣ ಬಿಲ್ಡರ್‌ಗಳು ಹೊರಗೆ ಉಳೀತಾರೆ. ರಿಜಿಸ್ಟರ್ ಆದ ಪ್ರಾಜೆಕ್ಟಲ್ಲಾದ್ರೆ ಸ್ವಾಧೀನ ಕೊಟ್ಟ 5 ವರ್ಷದೊಳಗೆ ಸ್ಟ್ರಕ್ಚರ್ ಅಥವಾ ಕೆಲಸದ ದೋಷ ಬಂದ್ರೆ ನೀವು ಹೇಳಿದ 30 ದಿನದಲ್ಲಿ ಅವರ ಖರ್ಚಲ್ಲೇ ಸರಿ ಮಾಡಿಕೊಡಬೇಕು. ನಿಮ್ಮದರಲ್ಲಿ ಅದೇ ಮಾತನ್ನ ಕರಾರಲ್ಲಿ ಬರೆಸಿಕೊಳ್ಳಬೇಕು, ಅಕ್ಷರಶಃ ಅದೇ ಮಾತು, ಬರೆಯೋಕೆ ಒಪ್ಪದಿದ್ರೆ ಉತ್ತರ ನಿಮಗೆ ಸಿಕ್ಕ ಹಾಗೆ. ಗ್ರಾಹಕರ ಆಯೋಗದ ದಾರಿ ಹೇಗೂ ಇದೆ, ಕೊಟ್ಟ ಹಣ 50 ಲಕ್ಷ ದಾಟಿದ್ರೆ ರಾಜ್ಯ ಆಯೋಗಕ್ಕೆ ಹೋಗಬೇಕು, ಎರಡು ವರ್ಷದ ಮಿತಿ ಇದೆ, ಆದ್ರೆ ಅಲ್ಲಿಗೆ ಹೋಗೋ ಪರಿಸ್ಥಿತಿ ಬರೋದೇ ಬೇಡ.

ಹಾಗಾದ್ರೆ ಏನು ಮಾಡೋದು? ನಿಮ್ಮ ಜಾಗದಲ್ಲಿ ನಾನಿದ್ರೆ ಈಗ ದುಡ್ಡು ಕೊಡೋದು ನಿಲ್ಲಿಸ್ತಿದ್ದೆ, ಆದ್ರೆ ಬೇಡ ಅಂತಲೂ ಹೇಳ್ತಿರಲಿಲ್ಲ. ಮೂರು ಕೇಳ್ತಿದ್ದೆ, ಸ್ಯಾಂಕ್ಷನ್ ಪ್ಲಾನು, ಸ್ಟ್ರಕ್ಚರಲ್ ಡ್ರಾಯಿಂಗು, ಕ್ಯೂಬ್ ಟೆಸ್ಟ್ ರಿಪೋರ್ಟು. ಒಂದೊಂದು ಸಲ ಕಾಂಕ್ರೀಟ್ ಹಾಕಿದಾಗ್ಲೂ ಆರಿಂಚಿನ ಕ್ಯೂಬ್ ತುಂಬಿಸಿಟ್ಟು 28 ದಿನಕ್ಕೆ ಒಡೆಸಿರಬೇಕು. ಎಲ್ಲಾ ರಿಪೋರ್ಟಲ್ಲೂ ಒಂದೇ ನಂಬರ್ ಇದ್ರೆ, 31.2, 31.2, 31.2 ಅಂತ, ಅದು ಪ್ರಿಂಟರಲ್ಲಿ ಹುಟ್ಟಿದ ಕಾಂಕ್ರೀಟು. ಪ್ಲಾನಲ್ಲಿ ನಾಲ್ಕು ಫ್ಲೋರ್ ಇದ್ದು, ಎರಡೂ ಪಿಲ್ಲರ್ ಟೆಸ್ಟ್ ಪಾಸಾಗಿ ಸರಿಯಾಗಿ ರಿಪೇರಿ ಆದ್ರೆ ಮುಂದುವರೀರಿ, ಆಗ ಗಲ್ಲಿ ಹಾಳಾಗಿರೋದನ್ನ ರೇಟ್ ಇಳಿಸೋಕೆ ಬಳಸಿಕೊಳ್ಳಿ, ಏರಿಸೋಕೆ ಅವರು ಬಳಸಿಕೊಳ್ತಿರೋದೇ ತಮಾಷೆ. ಅಪಾಯ ಏನಂದ್ರೆ ಟೆಸ್ಟ್ ಮಾಡಿಸೋ ಹೊತ್ತಿಗೆ ಬೇರೆಯವರು ಬುಕ್ ಮಾಡಬಹುದು. ಮಾಡ್ಲಿ ಬಿಡಿ.

ಇನ್ನೊಂದು ದಾರಿ, ಓಸಿ ಬರೋವರೆಗೂ ಕಾಯೋದು. ಕಟ್ಟುತ್ತಿರುವಾಗ ತಗೊಂಡ್ರೆ 5 ಪರ್ಸೆಂಟ್ ಜಿಎಸ್‌ಟಿ, ನಿಮ್ಮ 80 ಲಕ್ಷಕ್ಕೆ 4 ಲಕ್ಷ, ಓಸಿ ಆದಮೇಲೆ ತಗೊಂಡ್ರೆ ಜಿಎಸ್‌ಟಿ ಇಲ್ಲ. ರೇಟ್ ಸ್ವಲ್ಪ ಏರಿದ್ರೂ ಅಲ್ಲಿಗಲ್ಲಿಗೆ ಆಗುತ್ತೆ, ಮೇಲಾಗಿ ಒಂದು ಮಳೆಗಾಲ ಆ ಬಿಲ್ಡಿಂಗ್ ಹೇಗೆ ಕಳೀತು ಅಂತ ನೋಡೋಕೂ ಸಿಗುತ್ತೆ, ಆದ್ರೆ ಅಷ್ಟರಲ್ಲಿ ಪ್ಲಾಸ್ಟರಿಂಗು ಪೇಂಟು ಮುಗಿದು ಪಿಲ್ಲರ್ ಬುಡ ಟೈಲ್ಸ್ ಒಳಗೆ ಹೋಗಿರುತ್ತೆ. ಅದಕ್ಕೇ ಈಗಲೇ ಫೋಟೋ ತೆಗೆದಿಟ್ಟುಕೊಳ್ಳಿ, ಪಕ್ಕದಲ್ಲಿ ಸ್ಕೇಲ್ ಇಟ್ಟು, ಯಾವ ಪಿಲ್ಲರ್ ಅಂತ ಗುರುತು ಹಾಕಿ. ಅಥವಾ ಹತ್ತಿರದಲ್ಲೇ ಹತ್ತು ಹದಿನೈದು ವರ್ಷದ ಹಳೇ ಫ್ಲ್ಯಾಟ್ ನೋಡಿ, ಚಾಮರಾಜಪೇಟೆ ಕಡೆ ಸಿಗುತ್ತೆ. ಹಳೇದು ಸೋರೋದು ಎಲ್ಲಿ ಅಂತ ಆಗ್ಲೇ ಗೊತ್ತಾಗಿರುತ್ತೆ, ಕೆಳಗಿನ ಮನೆಯವರ ಬಾತ್‌ರೂಮ್ ಸೀಲಿಂಗ್ ನೋಡಿದ್ರೆ ಮುಗೀತು. ಲಿಫ್ಟ್ ಹಳೇದಿರುತ್ತೆ, ಮೆಂಟೆನೆನ್ಸ್ ಜಗಳ ಇರುತ್ತೆ, ಅದನ್ನ ಸಹಿಸಬಹುದು ಅಂದ್ರೆ ಒಳ್ಳೇದೇ.

ಟೋಕನ್ 2 ಲಕ್ಷ ವಾಪಸ್ ಬರುತ್ತಾ ಅನ್ನೋದು ರಸೀದಿಯಲ್ಲಿ ಏನು ಬರೆದಿದ್ದಾರೆ ಅನ್ನೋದರ ಮೇಲೆ. ಬಾಯಲ್ಲಿ ಜಗಳ ಆಡಬೇಡಿ, ಪಿಲ್ಲರ್ ಫೋಟೋ ಹಾಕಿ "ಇದರ ಟೆಸ್ಟ್ ರಿಪೋರ್ಟ್ ಕೊಡಿ, ಅಲ್ಲೀವರೆಗೂ ಮುಂದಿನ ಕಂತು ಕೊಡಲ್ಲ" ಅಂತ ಒಂದು ಇಮೇಲ್ ಕಳಿಸಿ, ಬರವಣಿಗೆಯಲ್ಲಿ ಇರಲಿ. ಇಂಥಾ ಒಂದು ಇಮೇಲ್ ಹೋದಮೇಲೆ ಟೋಕನ್ ತಾನಾಗೇ ವಾಪಸ್ ಬಂದಿದ್ದು ನಾನು ಎರಡು ಮೂರು ಕಡೆ ನೋಡಿದ್ದೀನಿ, ಬಿಲ್ಡರ್‌ಗಳಿಗೆ ಪ್ರಶ್ನೆ ಕೇಳೋ ಗಿರಾಕಿ ಬೇಕಿಲ್ಲ.

ಅಲ್ಲಿಗೆ ಮತ್ತೆ ಹೋಗೋದಾದ್ರೆ ಬಿಸಿಲಲ್ಲಿ ಹೋಗಬೇಡಿ, ರಾತ್ರಿ ಜೋರು ಮಳೆ ಸುರಿದ ಮರುದಿನ ಬೆಳಿಗ್ಗೆ ಹೋಗಿ, ಟಾರ್ಚು, ಟೇಪು, ಒಂದು ಪೆನ್ಸಿಲು ಸಾಕು. ಮಗಳನ್ನೂ ಕರ್ಕೊಂಡು ಹೋಗಿ, ಆ ಗಲ್ಲಿಯಲ್ಲಿ ರಾತ್ರಿ ಒಂಬತ್ತಕ್ಕೆ ಒಬ್ಬಳೇ ನಡೆದು ಬರೋದು ಅವಳು, ಬೀದಿ ದೀಪ ಉರಿಯುತ್ತಾ ಅನ್ನೋದು ನಮಗಿಂತ ಅವಳಿಗೆ ಬೇಗ ಕಾಣುತ್ತೆ. ಚೈತ್ರದ ಹುಣ್ಣಿಮೆಗೆ ಕರಗ ಮಸ್ತಾನ್ ಸಾಬ್ ದರ್ಗಾಗೆ ಬರೋ ರಾತ್ರಿ ಮಾತ್ರ ಕಾಟನ್‌ಪೇಟೆಯಲ್ಲಿ ಯಾವ ಗಲ್ಲಿಯೂ ಕತ್ತಲೆ ಇರಲ್ಲ, ಆ ಒಂದು ರಾತ್ರಿ ನೋಡಿ ಡಿಸೈಡ್ ಮಾಡಬೇಡಿ. ಕ್ಯೂಬ್ ರಿಪೋರ್ಟ್ ಸಿಕ್ಕಿದ್ರೆ ಫೋಟೋ ಕಳ್ಸಿ, ನಂಬರ್ ನೋಡಿ ಹೇಳ್ತೀನಿ.